ಹಡಗು ಓಡಿಸಬೇಕೋ, ಹಡಗು ಕಟ್ಟಬೇಕೋ?

ಪ್ರಶ್ನೆ: ನನಗೆ 25 ವರ್ಷ, ಊರು ಗಂಗೊಳ್ಳಿ. ಮೆಕ್ಯಾನಿಕಲ್ ಬಿ.ಇ. ಮುಗಿಸಿ ಬೆಂಗಳೂರಿನಲ್ಲಿ ಪಂಪ್ ಡಿಸೈನ್ ಕೆಲಸದಲ್ಲಿದ್ದೇನೆ. ಸಂಬಳ 42 ಸಾವಿರ. ಅಪ್ಪಯ್ಯ ಮಲ್ಪೆಯ ಮೀನುಗಾರಿಕೆ ಬೋಟಿನಲ್ಲಿ ತಾಂಡೇಲರು, ಅಂದರೆ ಬೋಟು ನಡೆಸುವವರು. ದೊಡ್ಡ ಹಡಗಿನಲ್ಲಿ ಚೀಫ್ ಎಂಜಿನಿಯರ್ ಆಗಬೇಕು ಅನ್ನುವುದು ನನ್ನ ಚಿಕ್ಕಂದಿನ ಆಸೆ. ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದಲ್ಲಿ ಮ್ಯಾರಿಟೈಮ್ ಎಂಜಿನಿಯರಿಂಗ್ ಎಂ.ಎಸ್ಸಿ.ಗೆ ಸೀಟು ಸಿಕ್ಕಿದೆ. ಎಲ್ಲ ಸೇರಿ 50 ಲಕ್ಷ ಬೇಕು. ಅಮ್ಮನ ಹೆಸರಿನಲ್ಲಿರುವ ಮನೆ ಅಡವಿಟ್ಟರೆ ಸಾಲ ಸಿಗುತ್ತದೆ, ಅಮ್ಮ ಸಹಿ ಹಾಕಲು ಒಪ್ಪಿದ್ದಾರೆ. ಅಪ್ಪಯ್ಯನಿಗೆ ಹೇಳಿಲ್ಲ. ‘ನೀರಿನ ಸಹವಾಸ ನನ್ನ ತಲೆಗೇ ಸಾಕು’ ಎನ್ನುವವರು ಅವರು. ಜುಲೈ ಮುಗಿಯುವುದರೊಳಗೆ ಮುಂಗಡ ಕಟ್ಟಬೇಕು. ಹೇಳದೆ ಹೊರಟುಬಿಡಲೇ, ಆಸೆ ಬಿಡಲೇ?
– ಹೆಸರು ಬೇಡ

ಉತ್ತರ: ಅಪ್ಪಯ್ಯನ ವಿಷಯಕ್ಕೆ ಆಮೇಲೆ ಬರುತ್ತೇನೆ. ಅದಕ್ಕೂ ಮೊದಲು ಹೇಳಬೇಕಾದ ಒಂದು ಮಾತಿದೆ, ಸ್ವಲ್ಪ ಬೇಜಾರಾಗಬಹುದು. ಈ ಎಂ.ಎಸ್ಸಿ. ಮುಗಿಸಿದರೆ ನೀವು ಚೀಫ್ ಎಂಜಿನಿಯರ್ ಆಗುವುದಿಲ್ಲ. ಚೀಫ್ ಇರಲಿ, ಹಡಗಿನ ಕಿರಿಯ ಎಂಜಿನಿಯರ್ ಕೂಡ ಆಗುವುದಿಲ್ಲ.

ಎಂಜಿನ್ ರೂಮಿಗೆ ಇಳಿಯುವ ದಾರಿಯೇ ಬೇರೆ. ನಿಮ್ಮಂಥ ಮೆಕ್ಯಾನಿಕಲ್ ಪದವೀಧರರಿಗೆ ನಮ್ಮಲ್ಲಿ ಒಂದು ವರ್ಷದ ಜಿ.ಎಂ.ಇ. (ಗ್ರಾಜುಯೇಟ್ ಮರೈನ್ ಎಂಜಿನಿಯರಿಂಗ್) ಕೋರ್ಸ್ ಇದೆ. ಅದಕ್ಕೆ ಹಡಗು ಸಾಗಣೆ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಇಲಾಖೆ ಡಿ.ಜಿ. ಶಿಪ್ಪಿಂಗ್‌ನ ಮಾನ್ಯತೆ ಇರಬೇಕು. ಕೋರ್ಸ್ ಮುಗಿಸಿ, ಕಂಪನಿ ಹಿಡಿದು, ತರಬೇತಿಯವರಾಗಿ ಹಡಗು ಹತ್ತಬೇಕು. ಸಮುದ್ರದಲ್ಲಿ ಇಂತಿಷ್ಟು ತಿಂಗಳು ಕಳೆದ ಮೇಲೆ ಎಂ.ಇ.ಒ. (ಮರೈನ್ ಎಂಜಿನಿಯರ್ ಆಫೀಸರ್) ಕ್ಲಾಸ್ 4 ಪರೀಕ್ಷೆ. ಮತ್ತೆ ಸಮುದ್ರ, ಕ್ಲಾಸ್ 2. ಮತ್ತೆ ಸಮುದ್ರ, ಕ್ಲಾಸ್ 1. ಆ ಕೊನೆಯ ಸರ್ಟಿಫಿಕೇಟ್ ಕೈಗೆ ಬಂದ ಮೇಲೇ ಚೀಫ್ ಆಗುವ ಮಾತು. ಯಾವ ವಿಶ್ವವಿದ್ಯಾಲಯದ ಸ್ನಾತಕೋತ್ತರ ಪದವಿಯೂ ಈ ಮೆಟ್ಟಿಲುಗಳ ಬದಲಿಗೆ ನಡೆಯುವುದಿಲ್ಲ. ಜಿ.ಎಂ.ಇ.ಗೆ ವಯಸ್ಸಿನ ಮಿತಿಯೂ ಇದೆ, ಕಣ್ಣಿನ ಪರೀಕ್ಷೆಯೂ ಇದೆ. ಬಣ್ಣ ಗುರುತಿಸುವುದರಲ್ಲಿ ದೋಷವಿದ್ದರೆ ಅಲ್ಲಿಗೇ ಮುಗಿಯಿತು.

ಹಾಗಾದರೆ ಸೌತಾಂಪ್ಟನ್‌ನಲ್ಲಿ ಕಲಿಸುವುದೇನು? ಹಡಗನ್ನು ಕಟ್ಟುವ ವಿದ್ಯೆ. ನೀರು ಹಡಗನ್ನು ಎಷ್ಟು ಹಿಂದಕ್ಕೆ ಎಳೆಯುತ್ತದೆ, ವಾಲಿದ ಹಡಗು ಮತ್ತೆ ನೆಟ್ಟಗಾಗುವುದು ಹೇಗೆ, ಅಲೆಯ ಹೊಡೆತಕ್ಕೆ ಉಕ್ಕು ಎಲ್ಲಿ ಬಿರುಕು ಬಿಡುತ್ತದೆ, ಪ್ರೊಪೆಲ್ಲರಿನ ಎಲೆಗೆ ಎಷ್ಟು ತಿರುವು ಬೇಕು ಅನ್ನುವುದೆಲ್ಲ. ಅಲ್ಲಿ 138 ಮೀಟರ್ ಉದ್ದದ ಟೋಯಿಂಗ್ ಟ್ಯಾಂಕ್ ಇದೆ. ನೀರು ತುಂಬಿದ ಉದ್ದನೆಯ ತೊಟ್ಟಿ, ಮೇಲೆ ಹಳಿಗಳ ಮೇಲೆ ಓಡುವ ಗಾಡಿ. ಗಾಡಿಗೆ ಹಡಗಿನ ಮಾದರಿ ಕಟ್ಟಿ ಎಳೆದು, ಎಷ್ಟು ಬಲ ಬೇಕಾಯಿತು ಅಂತ ಅಳೆಯುತ್ತಾರೆ. ಒಂದು ಓಟ ಮುಗಿಯಲು ಜಾಸ್ತಿ ಹೊತ್ತು ಬೇಡ. ಆದರೆ ಮುಂದಿನ ಓಟಕ್ಕೆ ಮೊದಲು ನೀರು ಅಲುಗದೆ ಪೂರ್ತಿ ಶಾಂತವಾಗಬೇಕು, ಇಲ್ಲದಿದ್ದರೆ ಹಿಂದಿನ ಅಲೆ ಲೆಕ್ಕ ಕೆಡಿಸುತ್ತದೆ. ಅಲ್ಲಿಯವರೆಗೆ ಸುಮ್ನೆ ಕಾಯಬೇಕು. ಇಡೀ ದಿನ ಹೀಗೇ. ಇದನ್ನು ಓದುವಾಗ ನಿಮಗೆ ಖುಷಿಯಾಯಿತೇ, ‘ಅಯ್ಯೋ, ಇಷ್ಟೇನಾ’ ಅನ್ನಿಸಿತೇ? ಎರಡನೆಯದಾದರೆ ನಿಮಗೆ ಬೇಕಾದದ್ದು ಜಿ.ಎಂ.ಇ., ಎಂ.ಎಸ್ಸಿ. ಅಲ್ಲ.

ಖುಷಿಯಾಯಿತು ಅಂತಲೇ ಇಟ್ಟುಕೊಳ್ಳೋಣ. ಪಂಪ್ ಡಿಸೈನ್ ಮಾಡುವವರಿಗೆ ನೀರಿನ ಲೆಕ್ಕ ಹೊಸದಲ್ಲ, ನಿಮ್ಮ ಅನುಭವ ಪ್ರೊಪೆಲ್ಲರಿಗೂ ಆಗಿಬರುತ್ತದೆ. ಆದರೂ ಈ ವರ್ಷ ಮನೆ ಅಡವಿಟ್ಟು ಹೋಗಬೇಡಿ ಅಂತಲೇ ನನ್ನ ಸಲಹೆ. 50 ಲಕ್ಷಕ್ಕೆ ಶೇಕಡ 11ರ ಬಡ್ಡಿ, 10 ವರ್ಷ ಅಂತ ಹಿಡಿದರೆ ತಿಂಗಳ ಕಂತು ಸುಮಾರು 69 ಸಾವಿರ. ಅಲ್ಲೇ ಕೆಲಸ ಸಿಕ್ಕಿದರೆ ತೀರಿಸಬಹುದು. ಸಿಗದೆ ವಾಪಸು ಬಂದರೆ ನಿಮ್ಮ ಈಗಿನ ಸಂಬಳ ಪೂರ್ತಿ ಕೊಟ್ಟರೂ ಸಾಲದು. ಅಲ್ಲಿನ ಕೆಲಸದ ಬಗ್ಗೆ ವಿದೇಶದಲ್ಲಿ ಸೀಟು ಕೊಡಿಸುವ ಏಜೆಂಟರು ಸಾಮಾನ್ಯವಾಗಿ ಬಾಯಿ ಬಿಡದ ಒಂದು ಸಂಗತಿಯಿದೆ. ಬ್ರಿಟನ್ನಿನಲ್ಲಿ ದೊಡ್ಡ ಹಡಗು ಕಟ್ಟುವ ಕೆಲಸ ಬಹುಪಾಲು ನೌಕಾಪಡೆಯದು. ಅಂಥ ಕಡೆ ಸೇರಲು ಭದ್ರತಾ ತಪಾಸಣೆ ದಾಟಬೇಕು, ನಿನ್ನೆ ಮೊನ್ನೆ ಬಂದ ವಿದೇಶಿಯರಿಗೆ ಅದು ಸಿಗುವುದು ಕಷ್ಟ. ಉಳಿಯುವುದು ಹಡಗುಗಳನ್ನು ಪರೀಕ್ಷಿಸಿ ದರ್ಜೆ ಕೊಡುವ ಸಂಸ್ಥೆಗಳು, ಡಿಸೈನ್ ಕಂಪನಿಗಳು, ಕಡಲ ಗಾಳಿಯಂತ್ರದ ಕೆಲಸ. ಒಳ್ಳೆಯ ಕೆಲಸಗಳೇ, ಆದರೆ ಪೈಪೋಟಿ ಜೋರು.

ಇದೇ ವಿದ್ಯೆ ನಮ್ಮಲ್ಲೂ ಇದೆ. ಖರಗ್‌ಪುರದ ಐಐಟಿಯಲ್ಲಿ ಹಡಗು ವಿನ್ಯಾಸವನ್ನು 1950ರ ದಶಕದಿಂದಲೇ ಕಲಿಸುತ್ತಿದ್ದಾರೆ. ಮದ್ರಾಸ್ ಐಐಟಿಯಲ್ಲಿ ಓಷನ್ ಎಂಜಿನಿಯರಿಂಗ್ ವಿಭಾಗವಿದೆ. ಭಾರತೀಯ ಸಾಗರ ವಿಶ್ವವಿದ್ಯಾಲಯದ ವಿಶಾಖಪಟ್ಟಣ ಕ್ಯಾಂಪಸ್ ಇದೆ. ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಮರೈನ್ ಸ್ಟ್ರಕ್ಚರ್ಸ್ ಎಂ.ಟೆಕ್. ಇದೆ, ಮನೆಗೆ ಹತ್ತಿರ ನಿಜ, ಆದರೆ ಅದು ಬಂದರು, ಜೆಟ್ಟಿ ಅಂತ ಸಿವಿಲ್ ಕಡೆಯವರಿಗೆ ಹೊಂದುವಂಥದ್ದು. ಎಂ.ಟೆಕ್. ಪ್ರವೇಶಕ್ಕೆ ಬರೆಯುವ ಗೇಟ್ ಪರೀಕ್ಷೆಯಲ್ಲಿ 2022ರಿಂದ ನೇವಲ್ ಆರ್ಕಿಟೆಕ್ಚರ್ (ಹಡಗು ವಿನ್ಯಾಸ) ಮತ್ತು ಮರೈನ್ ಎಂಜಿನಿಯರಿಂಗ್‌ಗೆ ಪ್ರತ್ಯೇಕ ಪತ್ರಿಕೆಯೇ ಬಂದಿದೆ. ಮೆಕ್ಯಾನಿಕಲ್ ಪತ್ರಿಕೆಯನ್ನೂ ಬರೆಯಬಹುದು. ಗೇಟ್ ಮೂಲಕ ಎಂ.ಟೆಕ್. ಸೇರಿದವರಿಗೆ ತಿಂಗಳಿಗೆ 12,400 ರೂಪಾಯಿ ವಿದ್ಯಾರ್ಥಿವೇತನ ಸಿಗುತ್ತದೆ. ಮನೆ ಪತ್ರ ಪೆಟ್ಟಿಗೆಯಲ್ಲೇ ಇರುತ್ತದೆ.

ಇನ್ನು ಅಪ್ಪಯ್ಯ.

ಅವರಿಗೆ ಹೇಳದೆ ಹೋಗಬೇಡಿ. ಅಪ್ಪನ ಮಾತು ಮೀರಬಾರದು ಅಂತಲ್ಲ, ಅಮ್ಮನಿಗಾಗಿ. ನೀವು ಸೌತಾಂಪ್ಟನ್‌ನಲ್ಲಿರುತ್ತೀರಿ. ಕಂತು ತಪ್ಪಿದರೆ ಬ್ಯಾಂಕಿನ ನೋಟಿಸು ಬರುವುದು ಗಂಗೊಳ್ಳಿಗೆ. ಅದನ್ನು ಹಿಡಿದುಕೊಂಡು ಅಪ್ಪಯ್ಯನ ಎದುರು ನಿಲ್ಲಬೇಕಾದವರು ಅಮ್ಮ. ಒಪ್ಪಿದ್ದಾರೆ ಅಂತ ಅವರ ಮೇಲೆ ಅಷ್ಟು ಭಾರ ಹೊರಿಸುವುದು ಸರಿಯಲ್ಲ, ಅಲ್ವಾ?

ಈಗ ಬೋಟುಗಳಿಗೆ ಮಳೆಗಾಲದ 61 ದಿನದ ರಜೆ, ಜುಲೈ ಕೊನೆಯವರೆಗೆ ಅಪ್ಪಯ್ಯ ಮನೆಯಲ್ಲೇ ಇರುತ್ತಾರೆ. ಒಂದು ವಾರ ರಜೆ ಹಾಕಿ ಊರಿಗೆ ಹೋಗಿ. ಸಾಲದಿಂದ ಮಾತು ಶುರು ಮಾಡಬೇಡಿ. ಮೀನು ತುಂಬಿದ ಬೋಟನ್ನು ಜೋರಾಗಿ ಓಡಿಸಿದರೆ ಡೀಸೆಲ್ ಎಷ್ಟು ಜಾಸ್ತಿ ಕುಡಿಯುತ್ತದೆ ಅಂತ ಕೇಳಿ. ಹಡಗಿನ ವೇಗ ಎರಡರಷ್ಟಾದರೆ ಬೇಕಾಗುವ ಶಕ್ತಿ ಹೆಚ್ಚುಕಡಿಮೆ ಎಂಟರಷ್ಟಾಗುತ್ತದೆ ಅಂತ ಪುಸ್ತಕ ಹೇಳುತ್ತದೆ. ತಾಂಡೇಲರು ಆ ಸೂತ್ರ ಓದಿರಲಿಕ್ಕಿಲ್ಲ, ಆದರೆ ಟ್ಯಾಂಕಿನಲ್ಲಿ ಎಷ್ಟು ಡೀಸೆಲ್ ಉಳಿದಿದೆ ಅಂತ ನೋಡಿಕೊಂಡು ವೇಗ ಇಳಿಸಿದವರು ಅವರು. ನಿಮ್ಮ ಓದು ಇದೇ ಲೆಕ್ಕದ ಬಗ್ಗೆ ಅಂತ ಆಮೇಲೆ ಹೇಳಿ. ಅವರಿಗೆ ಭಯವಿರುವುದು ಮಗಳು ಕಡಲಿಗೆ ಹೋಗುತ್ತಾಳೆ ಅಂತ. ಹಡಗು ವಿನ್ಯಾಸದವರು ಹೆಚ್ಚು ಹೊತ್ತು ಕೂರುವುದು ಕಂಪ್ಯೂಟರಿನ ಮುಂದೆ. ಮಲ್ಪೆ ಬಂದರಿನಲ್ಲಿ ಹಡಗು ಕಟ್ಟುವ ಯಾರ್ಡನ್ನು ಅವರು ನೋಡಿಯೇ ಇರುತ್ತಾರೆ. ಈಗ ಅದು ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್, ನಾರ್ವೆಯ ಕಂಪನಿಯಿಂದಲೂ ಸರಕು ಹಡಗುಗಳ ಆರ್ಡರ್ ಪಡೆದಿದೆ. ಮಗಳ ಕೆಲಸ ಅಂಥ ಜಾಗದಲ್ಲಿ ಅಂದರೆ ಅವರ ಮುಖ ಬೇರೆಯೇ ಇರಬಹುದು.

ಎಂಜಿನ್ ರೂಮೇ ಬೇಕು ಅಂತ ನೀವು ತೀರ್ಮಾನಿಸಿದರೆ ಮಾತ್ರ ಅವರ ಭಯ ಸುಳ್ಳಲ್ಲ. ತಿಂಗಳುಗಟ್ಟಲೆ ನೀರಿನ ಮೇಲಿರುವ ಕೆಲಸ ಅದು. ಆಗ ಸಮಾಧಾನದ ಮಾತು ಬೇಡ, ಇದ್ದದ್ದನ್ನು ಇದ್ದ ಹಾಗೆ ಹೇಳಿ. ಬೈದರೆ ಬೈಯಿಸಿಕೊಳ್ಳಿ. ಅವರು ಕೊನೆಗೂ ಬೇಡ ಅಂದರೂ ನೀವು ಸಂಪಾದನೆ ಮಾಡುವ ಮಗಳು. ಗೇಟ್ ಬರೆಯಲು ಯಾರ ಸಹಿಯೂ ಬೇಕಿಲ್ಲ. ಅರ್ಜಿ ಹಾಕುವುದು ಸಾಮಾನ್ಯವಾಗಿ ಆಗಸ್ಟ್–ಸೆಪ್ಟೆಂಬರ್ ಹೊತ್ತಿಗೆ, ಪರೀಕ್ಷೆ ಫೆಬ್ರವರಿಯಲ್ಲಿ.

ಈ ವಾರ ಮಾಡಬೇಕಾದದ್ದು ಒಂದೇ. ಸೀಟನ್ನು ಮುಂದಿನ ವರ್ಷಕ್ಕೆ ಮುಂದೂಡಲು ಆಗುತ್ತದೆಯೇ ಅಂತ ವಿಶ್ವವಿದ್ಯಾಲಯಕ್ಕೆ ಮೇಲ್ ಬರೆದು ಕೇಳಿ. ಏಜೆಂಟರ ಮೂಲಕ ಬೇಡ, ನೀವೇ ನೇರವಾಗಿ ಬರೆಯಿರಿ. ನೀವು ಹೋಗಿ ಸೇರಿದರೆ ತಾನೇ ಅವರಿಗೆ ಕಮಿಷನ್!