ಡೆಬಿಯನ್‌ಗೆ ಪ್ಯಾಕೇಜ್ ನೋಡಿಕೊಳ್ಳುವ ಹೊಸಬರು ಎಲ್ಲಿಂದ ಸಿಗುತ್ತಾರೆ?

ಹೆಚ್ಚಾಗಿ ಡೆಬಿಯನ್ ಎಂಬ ಲಿನಕ್ಸ್ ಆಪರೇಟಿಂಗ್ ಸಿಸ್ಟಂನ ಬಳಕೆದಾರರಿಂದಲೇ. ಪ್ಯಾಕೇಜ್ ಅಂದರೆ ಇನ್‌ಸ್ಟಾಲ್‌ಗೆ ಸಿದ್ಧವಾಗಿ ಕಟ್ಟಿಟ್ಟ ಸಾಫ್ಟ್‌ವೇರ್. ತಾವು ದಿನಾ ಬಳಸುವ ಸಾಫ್ಟ್‌ವೇರ್‌ಗೆ ದಿಕ್ಕಿಲ್ಲ ಅಂತ ಗೊತ್ತಾದವರು ಮುಂದೆ ಬರುತ್ತಾರೆ. 1993ರಲ್ಲಿ ಶುರುವಾದ ಈ ಯೋಜನೆಯಲ್ಲಿ, ನೋಡಿಕೊಳ್ಳುವವರು ಕೈಬಿಟ್ಟ ಪ್ಯಾಕೇಜನ್ನು ‘ಅನಾಥ’ ಎಂದೇ ಪಟ್ಟಿಗೆ ಸೇರಿಸುತ್ತಾರೆ. ಡೆಬಿಯನ್‌ನ ಟರ್ಮಿನಲ್‌ನಲ್ಲಿ (ಕಮಾಂಡ್ ಟೈಪ್ ಮಾಡುವ ಕಿಟಕಿಯಲ್ಲಿ) ‘ಡಬ್ಲ್ಯುಎನ್‌ಪಿಪಿ-ಅಲರ್ಟ್’ (wnpp-alert) ಕಮಾಂಡ್ ಕೊಟ್ಟು ನೋಡಿ, ನಿಮ್ಮದೇ ಕಂಪ್ಯೂಟರಿನಲ್ಲಿರುವ ಅನಾಥರ ಹೆಸರು ಸಾಲಾಗಿ ಬರುತ್ತದೆ. ಸ್ವಲ್ಪ ಕಸಿವಿಸಿಯೇ ಆಗುತ್ತದೆ!

ಆದರೆ ಹೊಸಬರು ಸುಮ್ನೆ ಅಪ್‌ಲೋಡ್ ಮಾಡುವಂತಿಲ್ಲ. ಇನ್‌ಸ್ಟಾಲ್ ಆಗುವಾಗ ಪ್ಯಾಕೇಜಿಗೆ ಇಡೀ ಕಂಪ್ಯೂಟರಿನ ಮೇಲೆ ಹಿಡಿತ ಇರುತ್ತದೆ. ಒಂದು ಕೆಟ್ಟ ಸಾಲು ಸಾಕು, ಅಲ್ವಾ? ಹಾಗಾಗಿ ಹಳಬರೊಬ್ಬರು ಕೆಲಸ ಪರೀಕ್ಷಿಸಿ, ತಮ್ಮ ಡಿಜಿಟಲ್ ಸಹಿ ಹಾಕಿ ಕಳಿಸುತ್ತಾರೆ. ಇವರಿಗೆ ಸ್ಪಾನ್ಸರ್ ಅಂತ ಹೆಸರು, ದುಡ್ಡಿನ ಮಾತೇನಿಲ್ಲ. ಹೀಗೆ ನಂಬಿಕೆ ಬೆಳೆದ ಮೇಲೆ ‘ಡೆಬಿಯನ್ ಮೇಂಟೇನರ್’ ಆಗಿ, ಒಪ್ಪಿಗೆ ಸಿಕ್ಕ ಪ್ಯಾಕೇಜಿಗೆ ನೀವೇ ಸಹಿ ಹಾಕಬಹುದು.