ಕೈ ಸ್ಟೇರಿಂಗಿನಲ್ಲಿ, ಕಿವಿ ವ್ಯಾಪಾರದಲ್ಲಿ

ವಿರಾಜಪೇಟೆ ಕಡೆಯಿಂದ ಬರೆದ ಓದುಗರಿಗೆ,

ನಮಸ್ಕಾರ. ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ. ಉಳಿದ ಓದುಗರಿಗಾಗಿ ನಿಮ್ಮ ಕಾಗದದ ಸಾರವನ್ನಷ್ಟೇ ಹೇಳಿಬಿಡುತ್ತೇನೆ. ಕಕ್ಕಡ ತಿಂಗಳ ಮಳೆಯಲ್ಲಿ ನೀವಿಬ್ಬರೂ ಸಂಪಾಜೆ ಘಾಟಿ ಇಳಿಯುತ್ತಿದ್ದಿರಿ. ಗೋದಾಮಿನಲ್ಲಿ ಉಳಿಸಿಕೊಂಡಿದ್ದ ರೊಬಸ್ಟಾ ಚೆರಿಯ (ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣಿನ) ವಿಷಯಕ್ಕೆ ವ್ಯಾಪಾರಿಯೊಬ್ಬರ ಫೋನ್ ಬಂತು. ಯಜಮಾನರ ಕಿವಿಯಲ್ಲಿ ಇಯರ್‌ಫೋನ್ ಇದ್ದೇ ಇತ್ತು. ಮಾತಾಡುತ್ತಲೇ ತಿರುವಿಗೆ ಸ್ವಲ್ಪ ಮುಂಚೆ ಲಾರಿಯೊಂದನ್ನು ಓವರ್‌ಟೇಕ್ ಮಾಡಿದರು. ಎದುರಿನ ಬಸ್ಸಿನವರು ವೇಗ ತಗ್ಗಿಸಿದ್ದರಿಂದ ಬಚಾವಾದಿರಿ. ಅದೇ ಫೋನಿನಲ್ಲಿ ಮಾಲನ್ನೂ ಕೊಟ್ಟಾಯಿತು, ಮೂಟೆಗೆ ಇಷ್ಟು ಎಂದು, ಓಟಿ (ಚೆರಿಯಿಂದ ಕ್ಲೀನ್ ಕಾಫಿ ಎಷ್ಟು ಬರುತ್ತದೆ ಎಂಬ ಲೆಕ್ಕ) ಮಾತೇ ಎತ್ತದೆ. ಮನೆಯಲ್ಲಿ ಹತ್ತು ಸಲ ಯೋಚಿಸುವ ಮನುಷ್ಯನಿಗೆ ಎರಡು ಕಡೆ ಮನಸ್ಸು ಹಂಚಿಹೋದಾಗ ಎಲ್ಲಿಂದ ಬರುತ್ತದೆ ಇಷ್ಟು ಧೈರ್ಯ ಎಂದು ಕೇಳಿದ್ದೀರಿ. ಅವರ ಸಮಜಾಯಿಷಿಯನ್ನೂ ಬರೆದಿದ್ದೀರಿ: "ಎರಡೂ ಕೈ ಸ್ಟೇರಿಂಗ್ ಮೇಲೇ ಇತ್ತಲ್ಲ? ನೀನೂ ಪಕ್ಕದಲ್ಲಿ ಕೂತು ಮಾತಾಡ್ತೀಯಲ್ಲ?"

ನನಗೆ ಅದು ಧೈರ್ಯದಂತೆ ಕಾಣುವುದಿಲ್ಲ. ಎರಡು ಕಡೆ ಗಮನ ಹಂಚಿಹೋದರೆ ಜನ ಭಂಡರಾಗುತ್ತಾರೆ ಎಂದಿದ್ದರೆ ಎಲ್ಲ ಪ್ರಯೋಗಗಳಲ್ಲೂ ಹಾಗೆಯೇ ಕಾಣಬೇಕಿತ್ತು. ಹಾಗೆ ಕಂಡಿಲ್ಲ. 2008ರಲ್ಲಿ ಅಮೆರಿಕದ ಮನೋವಿಜ್ಞಾನಿಗಳು ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಇಷ್ಟು ದುಡ್ಡು ಖಂಡಿತ ಉಳಿಯುತ್ತದೆ, ಇಲ್ಲವೇ ಎಲ್ಲವನ್ನೂ ಪಣಕ್ಕಿಡಬಹುದು ಎಂಬ ಆಯ್ಕೆ ಕೊಟ್ಟರು. ತಲೆಯಲ್ಲಿ ಒಂದಷ್ಟು ಅಕ್ಷರಗಳನ್ನು ನೆನಪಿಟ್ಟುಕೊಂಡೇ ಉತ್ತರಿಸಬೇಕಾಗಿ ಬಂದಾಗ ಜನ ಪಣಕ್ಕಿಡುವುದನ್ನು ಕಡಿಮೆ ಮಾಡಿದರು. ಅಂದರೆ ಇನ್ನಷ್ಟು ಪುಕ್ಕಲಾದರು. 2011ರಲ್ಲಿ ಜರ್ಮನಿಯ ಸಂಶೋಧಕರು ಪ್ರಕಟಿಸಿದ್ದು ದಾಳದಾಟದ ಪ್ರಯೋಗ. ಒಂದೇ ಅಂಕಿಯ ಮೇಲೆ ಕಟ್ಟಿದರೆ ಸಾವಿರ, ನಾಲ್ಕು ಅಂಕಿಗಳ ಮೇಲೆ ಕಟ್ಟಿದರೆ ನೂರು. ಹೋದರೆ ಅಷ್ಟೇ ಕೈಬಿಡುತ್ತದೆ. ಗುಟ್ಟೇನೂ ಇಲ್ಲ, ನಿಯಮವೆಲ್ಲ ಕಣ್ಣೆದುರೇ. ಜೊತೆಗೆ ಇನ್ನೊಂದು ನೆನಪಿನ ಕೆಲಸ ಹೇರಿದ ಕೂಡಲೇ ಜನ ಸೋಲುವ ಸಂಭವ ಹೆಚ್ಚಿರುವ, ಕಡೆಗೆ ನಷ್ಟ ತರುವ ಆಯ್ಕೆಗಳ ಮೇಲೇ ಹೆಚ್ಚು ಕಟ್ಟತೊಡಗಿದರು. ಒಂದು ಕಡೆ ಹಿಂಜರಿಕೆ, ಇನ್ನೊಂದು ಕಡೆ ಮುನ್ನುಗ್ಗುವುದು. ಎರಡಕ್ಕೂ ಧೈರ್ಯದ ಲೆಕ್ಕ ಹೊಂದುವುದಿಲ್ಲ.

ನಿಮ್ಮ ಘಾಟಿಯ ಸಂಗತಿಗೆ ತೀರ ಹತ್ತಿರವಾದದ್ದು ಕೆನಡಾದ ಕೂಪರ್ ಮತ್ತು ಜೆಂಗ್ 2002ರಲ್ಲಿ ಪ್ರಕಟಿಸಿದ ಅಧ್ಯಯನ. ಹೊರಗಿನವರಿಗೆ ಪ್ರವೇಶವಿಲ್ಲದ ಟ್ರ್ಯಾಕಿನಲ್ಲಿ 39 ಚಾಲಕರು ನಿಜವಾದ ವಾಹನದಲ್ಲಿ ಕೂತು, ಎದುರಿನ ವಾಹನಗಳ ನಡುವೆ ಸಿಗುವ ಸಂದಿಯಲ್ಲಿ ದಾಟಬಹುದೋ ಬಾರದೋ ಎಂದು ನಿರ್ಧರಿಸಬೇಕಿತ್ತು. ಸುಮ್ಮನೆ ಇದ್ದಾಗ ಅವರು ಸಂದಿ ಎಷ್ಟು ದೊಡ್ಡದು, ಬರುವ ವಾಹನದ ವೇಗ ಎಷ್ಟು, ನೆಲ ಒದ್ದೆಯೋ ಒಣಗಿದೆಯೋ ಎಲ್ಲವನ್ನೂ ಗಣನೆಗೆ ತೆಗೆದುಕೊಳ್ಳುತ್ತಿದ್ದರು. ಕಿವಿಗೆ ಜಟಿಲವಾದ ಮಾತು ಕೇಳಿಸಿ ಅದಕ್ಕೆ ಗಮನ ಕೊಡಿ ಎಂದಾಗ ನೆಲದ ಒದ್ದೆ ಗಣನೆಯಿಂದಲೇ ಬಿದ್ದುಹೋಯಿತು. ಸಂದಿ ಕಂಡಿತು, ವಾಹನ ಕಂಡಿತು, ಒದ್ದೆ ನೆಲವೂ ಕಣ್ಣೆದುರೇ ಇತ್ತು. ನಿರ್ಧಾರದೊಳಗೆ ಮಾತ್ರ ಅದು ಬರಲಿಲ್ಲ. ಒದ್ದೆ ನೆಲದಲ್ಲಿ ಡಿಕ್ಕಿಯಾಗಬಹುದಾಗಿದ್ದ ಸಂದರ್ಭಗಳು ಗಮನ ಹಂಚಿದಾಗ ಎರಡು ಪಟ್ಟಾದವು.

ಯಜಮಾನರನ್ನು ಕೇಳಿ ನೋಡಿ. ಲಾರಿ ಕಂಡಿತ್ತು, ಬಸ್ಸು ಎಷ್ಟು ದೂರವಿದೆ ಎಂಬ ಅಂದಾಜೂ ಇತ್ತು ಎನ್ನುತ್ತಾರೆ, ಸುಳ್ಳೂ ಇರಲಿಕ್ಕಿಲ್ಲ. ಬಿಟ್ಟುಹೋದದ್ದು ಮಳೆ. ಕಾಫಿ ವ್ಯಾಪಾರದಲ್ಲೂ ಹೀಗೇ ಆಗಿರಬೇಕು: ರೇಟು ಕೇಳಿಸಿತು, ಮೂಟೆ ಲೆಕ್ಕ ಬಾಯಲ್ಲಿತ್ತು, ಓಟಿ ಬಿತ್ತು. (ಕೊಡಗಿನ ಹೊರಗಿನವರಿಗೆ: 50 ಕೆಜಿ ಚೆರಿಯಿಂದ ಎಷ್ಟು ಕೆಜಿ ಕ್ಲೀನ್ ಕಾಫಿ ಬರುತ್ತದೆ ಎಂಬುದೇ ಓಟಿ. 24 ಎಂದುಕೊಂಡು ಕೊಟ್ಟ ಮಾಲು 27 ಬಂದರೆ ನೂರು ಮೂಟೆಗೆ 300 ಕೆಜಿ ಪುಕ್ಕಟೆ ಕೊಟ್ಟಂತೆ.) ಕೆಟ್ಟದ್ದೇನೆಂದರೆ, ಬಿದ್ದ ಬಾಬತ್ತು ಬಿದ್ದಿತೆಂದು ಬೀಳಿಸಿಕೊಂಡವನಿಗೆ ಗೊತ್ತಾಗುವುದಿಲ್ಲ. ಅವನ ಮಟ್ಟಿಗೆ ಲೆಕ್ಕ ಪೂರ್ತಿಯಾಗಿಯೇ ಇರುತ್ತದೆ. ಅದಕ್ಕೇ ಅಷ್ಟು ನಿರಾಳವಾಗಿ ಮುನ್ನುಗ್ಗುತ್ತಾನೆ, ಪಕ್ಕದಲ್ಲಿ ಕೂತವರಿಗೆ ಅದು ಧೈರ್ಯದಂತೆ ಕಾಣುತ್ತದೆ.

ಇನ್ನು ಅವರ ಸಮಜಾಯಿಷಿ. ಕೈ ಸ್ಟೇರಿಂಗ್ ಮೇಲಿತ್ತು ಎಂಬುದು ಕಾನೂನಿಗೆ ಸಾಕಾಗಬಹುದು. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 184ನೇ ಕಲಂ ಹೇಳುವುದು ಕೈಯಲ್ಲಿ ಹಿಡಿದ ಫೋನಿನ ಬಗ್ಗೆ. ಮನಸ್ಸಿಗೆ ಆ ರಿಯಾಯಿತಿ ಇಲ್ಲ. 1997ರಲ್ಲಿ ಟೊರಾಂಟೊದ ರೆಡೆಲ್ಮಿಯರ್ ಮತ್ತು ಟಿಬ್ಶಿರಾನಿ, ಅಪಘಾತವಾದ 699 ಚಾಲಕರ ಫೋನ್ ದಾಖಲೆ ತೆಗೆದು ನೋಡಿದರು. ಫೋನಿನಲ್ಲಿ ಮಾತಾಡುವಾಗ ಅಪಾಯ ಸುಮಾರು ನಾಲ್ಕು ಪಟ್ಟು. ಫೋನ್ ಕೈಯಲ್ಲಿ ಹಿಡಿಯದೆ ಮಾತಾಡಿದವರಿಗೆ ಅದರಿಂದ ಲಾಭವೇನೂ ಕಾಣಲಿಲ್ಲ.

ನೀವು ಪಕ್ಕದಲ್ಲಿ ಕೂತು ಮಾತಾಡುವುದು ಮಾತ್ರ ಬೇರೆ ಜಾತಿ. 2008ರ ಇನ್ನೊಂದು ಅಧ್ಯಯನದಲ್ಲಿ, ಜೊತೆಗೆ ಕೂತ ಗೆಳೆಯರೊಡನೆ ಮಾತಾಡಿದವರಿಗಿಂತ ಫೋನಿನಲ್ಲಿ ಮಾತಾಡಿದವರೇ ಹೆಚ್ಚಾಗಿ ತಿರುಗಬೇಕಾದ ಕಡೆ ತಿರುಗದೆ ಮುಂದೆ ಹೋದರು. ಪಕ್ಕದವರಿಗೆ ರಸ್ತೆ ಕಾಣುತ್ತದೆ. ಆನೆ ಅಡ್ಡ ಬಂದರೆ ನಿಮ್ಮ ಮಾತು ತಾನಾಗಿ ನಿಲ್ಲುತ್ತದೆ, "ಮೆಲ್ಲ" ಎನ್ನುತ್ತೀರಿ. ಅಂಗಡಿಯಲ್ಲಿ ಕೂತ ವ್ಯಾಪಾರಿಗೆ ಘಾಟಿಯೂ ಕಾಣದು, ಮಂಜೂ ಕಾಣದು. ಅವರು ರೇಟು ಹೇಳುತ್ತಲೇ ಇರುತ್ತಾರೆ. ಈ ವಾದದಲ್ಲಿ ಗೆದ್ದವರು ನೀವೇ, ಯಜಮಾನರ ಕ್ಷಮೆ ಕೋರಿ ಹೇಳುತ್ತೇನೆ.

ಏನು ಮಾಡುವುದು? ಗಮನ ಕೊಡಿ ಎಂದು ಗದರಿಸಿ ಪ್ರಯೋಜನವಿಲ್ಲ, ಕೊಟ್ಟೇ ಇದ್ದೇನೆ ಎನ್ನುತ್ತಾರೆ. ಘಾಟಿಯಲ್ಲಿ ಫೋನ್ ನಿಮ್ಮ ಕೈಯಲ್ಲಿರಲಿ. "ರೇಟು ಹೇಳಿ, ಸುಳ್ಯ ತಲುಪಿ ಫೋನ್ ಮಾಡ್ತಾರೆ" ಎಂದರೆ ಸಾಕು. ಅರ್ಧ ಗಂಟೆ ಕಾಯಲೊಲ್ಲದ ರೇಟಿನ ಬಗ್ಗೆ ನನಗಂತೂ ಅನುಮಾನ. ಓಟಿ, ತೇವಾಂಶ, ಸಾಗಾಟ ಯಾರದು, ದುಡ್ಡು ಯಾವತ್ತು ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಗೋದಾಮಿನ ಬಾಗಿಲಿಗೆ ಅಂಟಿಸಿ. ತಲೆಯಿಂದ ಬೀಳುವ ಬಾಬತ್ತು ಬಾಗಿಲ ಮೇಲಿಂದ ಬೀಳುವುದಿಲ್ಲ.

ಕಡೆಯ ಸಾಲಿನಲ್ಲಿ, ಕರಿಮೆಣಸು ಕೊಯ್ಯುವ ಹುಡುಗರು ಕಿವಿಗೆ ಹಾಡು ಹಾಕಿಕೊಂಡೇ ಏಣಿ ಹತ್ತುತ್ತಾರೆ, ತಡೆಯಬೇಕೇ ಎಂದು ಕೇಳಿದ್ದೀರಿ. ಹಾಡು ಮತ್ತು ಮಾತುಕತೆ ಒಂದೇ ಅಲ್ಲ. 2001ರಲ್ಲಿ ಸ್ಟ್ರೇಯರ್ ಮತ್ತು ಜಾನ್‌ಸ್ಟನ್ ವಾಹನ ಚಾಲನೆಯನ್ನು ಹೋಲುವ ಪ್ರಯೋಗದಲ್ಲಿ ನೋಡಿದಾಗ, ರೇಡಿಯೊ ಕೇಳಿದವರಿಗೆ ತೊಂದರೆಯಾಗಲಿಲ್ಲ, ಫೋನಿನಲ್ಲಿ ಮಾತಾಡಿದವರಿಗೆ ಆಯಿತು. ಆದರೆ ನಿಮ್ಮ ತೋಟದ ಮೇಲೆ ಕರೆಂಟಿನ ತಂತಿ ಹಾದುಹೋಗಿದ್ದರೆ ನಾನು ಹಾಡಿಗೂ ಒಪ್ಪುವುದಿಲ್ಲ. ಅಲ್ಯುಮಿನಿಯಂ ಏಣಿ ತಂತಿಗೆ ತಗುಲಿ ಜೀವ ಹೋದ ಸುದ್ದಿಯನ್ನು ಕೊಡಗಿನಲ್ಲಿ ಓದುತ್ತಲೇ ಇರುತ್ತೇವೆ. ಏಣಿಯನ್ನು ಒಂದು ಮರದಿಂದ ಇನ್ನೊಂದಕ್ಕೆ ಸರಿಸುವಾಗ ಕೆಳಗಿನವರು ಕೂಗಿದ್ದು ಮೇಲಿನವರಿಗೆ ಕೇಳಬೇಕು. ಫೋನ್ ಬಂದರೆ ಕೆಳಗಿಳಿದು ಮಾತಾಡಲಿ, ಆ ಹೊತ್ತಿನ ಕೂಲಿ ಹಿಡಿಯಬೇಡಿ.

ಸಂಪಾದಕ