ಮಗಳು ‘ಹುದು’ ಬಾಳಿಗೆ ಹೊರಟಿದ್ದಾಳೆ

ಪ್ರಶ್ನೆ: ನನ್ನ ಮಗಳು ಇಂಗ್ಲೆಂಡಿನಲ್ಲಿ ನರ್ಸ್. ರಜೆ ಸಿಕ್ಕಾಗಲೆಲ್ಲ ಸಸೆಕ್ಸ್‌ನ ಡಾರ್ವೆಲ್‌ನಲ್ಲಿರುವ ಬ್ರೂಡರ್‌ಹೋಫ್ ಎಂಬ ಕ್ರೈಸ್ತ ಸಮುದಾಯಕ್ಕೆ ಹೋಗುತ್ತಾಳೆ. ಅಲ್ಲಿ ಯಾರಿಗೂ ಸ್ವಂತ ಆಸ್ತಿಯಿಲ್ಲ, ಸಂಬಳವಿಲ್ಲ. ಯೇಸುವಿನ ಮೊದಲ ಶಿಷ್ಯರ ಆದಿಸಭೆಯಂತೆ ಎಲ್ಲವೂ ಎಲ್ಲರದು. ಈಗ ಅಲ್ಲೇ ಸೇರುತ್ತೇನೆ ಎನ್ನುತ್ತಿದ್ದಾಳೆ. ನಾವೂ ಕ್ರೈಸ್ತರೇ, ಆದರೂ ಭಯ. ಅವಳು ಮೋಸ ಹೋಗುತ್ತಿದ್ದಾಳೆಯೇ?
— ಒಬ್ಬ ತಾಯಿ, ಉಡುಪಿ

ಉತ್ತರ: ತಾಯಿ, ಬ್ರೂಡರ್‌ಹೋಫ್ ನಿನ್ನೆ ಮೊನ್ನೆ ಹುಟ್ಟಿದ ಗುಂಪಲ್ಲ. ಎಬರ್‌ಹಾರ್ಡ್ ಆರ್ನಾಲ್ಡ್ ಮತ್ತು ಅವರ ಪತ್ನಿ ಎಮ್ಮಿ 1920ರಲ್ಲಿ ಬರ್ಲಿನ್ ಬಿಟ್ಟು ಸಾನರ್ಟ್ಸ್ ಎಂಬ ಹಳ್ಳಿಯಲ್ಲಿ ಇದನ್ನು ಆರಂಭಿಸಿದರು. 1937ರಲ್ಲಿ ನಾಜಿಗಳು ಅವರನ್ನು ಜರ್ಮನಿಯಿಂದಲೇ ಎಬ್ಬಿಸಿದರು. ಇಂಗ್ಲೆಂಡಿಗೆ ಹೋದರು, ಯುದ್ಧಕಾಲದಲ್ಲಿ ಅಲ್ಲಿಂದ ಪರಾಗ್ವೆಗೆ. ಈಗ ಮಕ್ಕಳಿಗೆ ಮರದ ಆಟಿಕೆ, ಮೇಜು ಕುರ್ಚಿ ಮಾಡಿ ಬದುಕುತ್ತಾರೆ. ಮೋಸ ಎಂಬ ಮಾತನ್ನು ನಾನು ಆಡಲಾರೆ.

ಆದರೆ ಅಲ್ಲಿನ ವ್ರತ ಜೀವಮಾನದ್ದು. ಅದನ್ನು ತೊಟ್ಟ ಮೇಲೆ ಸ್ವಂತದ್ದೆಂದು ಒಂದು ಪೌಂಡೂ ಉಳಿಯುವುದಿಲ್ಲ. ಇದೇ ಬಗೆಯ ಬಾಳನ್ನು 1528ರಲ್ಲಿ ಮೊರಾವಿಯದ ದಾರಿಯಲ್ಲಿ ಒಂದು ನಿಲುವಂಗಿ ಹಾಸಿ, ಇದ್ದದ್ದನ್ನೆಲ್ಲ ಅದರ ಮೇಲೆ ಇಟ್ಟು ಆರಂಭಿಸಿದವರು ಹಟರೈಟರು ಎಂಬ ಕ್ರೈಸ್ತ ಪಂಥದವರು. ಕೆನಡಾದಲ್ಲಿ ಅವರ ಒಂದು ವಸಾಹತಿನಿಂದ ಹೊರಬಿದ್ದವರು ಆಸ್ತಿಯಲ್ಲಿ ಪಾಲು ಕೇಳಿದಾಗ, 1970ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಕೊಡಲಾಗದು ಎಂದಿತು. ಮಗಳಿಗೆ ಇದು ತಿಳಿದಿರಲಿ.

ನಮ್ಮ ಹಳೆಯ ಕನ್ನಡ ಬೈಬಲಿನಲ್ಲಿ ಆದಿಸಭೆಯವರ ಬಾಳನ್ನು ಹೇಳುವಾಗ ‘ಹುದುವಾಗಿ’, ಅಂದರೆ ಎಲ್ಲರಿಗೂ ಸೇರಿದ್ದಾಗಿ, ಎಂಬ ಪದ ಬರುತ್ತದೆ. ಆ ಪದಕ್ಕೆ ಮರುಳಾಗಿಯೇ 1983ರಲ್ಲಿ ನಾವು ಐವರು ಶಿಕ್ಷಕಿಯರು ಧಾರವಾಡದಲ್ಲಿ ಒಂದು ಬಾಡಿಗೆ ಮನೆ ಹಿಡಿದಿದ್ದೆವು. ಐದು ಸಂಬಳವೂ ಒಂದೇ ಬಿಸ್ಕತ್ತಿನ ಡಬ್ಬಿಗೆ. ಅದು ಅಡುಗೆಮನೆಯ ಗೂಡಿನಲ್ಲಿ ಉಪ್ಪಿನ ಭರಣಿಯ ಪಕ್ಕ ಇರುತ್ತಿತ್ತು. ಅದರ ನೋಟುಗಳಿಗೆ ಒಗ್ಗರಣೆಯ ವಾಸನೆ. ಬೇಕಾದವರು ಬೇಕಾದಷ್ಟು ತೆಗೆದುಕೊಳ್ಳಬಹುದಿತ್ತು. ಹದಿನಾಲ್ಕು ತಿಂಗಳು ನಡೆಯಿತು. ನಮ್ಮಲ್ಲೊಬ್ಬಳು ಸಂಬಳದಲ್ಲಿ ಮೂವತ್ತು ರೂಪಾಯಿ ತಡೆದಿಟ್ಟು ತಾಯಿಗೆ ಮನಿಯಾರ್ಡರ್ ಮಾಡುತ್ತಿದ್ದಳು. ರಸೀದಿ ನನ್ನ ಕಣ್ಣಿಗೆ ಬಿತ್ತು. ನಾನು ಅವಳನ್ನು ಕೇಳಲಿಲ್ಲ, ಉಳಿದ ಮೂವರಿಗೆ ಹೇಳಿದೆ. ಒಂದು ವಾರ ಅವಳು ಬಂದೊಡನೆ ನಮ್ಮ ಮಾತು ನಿಲ್ಲುತ್ತಿತ್ತು. ಅವಳು ಟ್ರಂಕ್ ಹೊತ್ತು ಹೊರಟ ದಿನ ಮನೆಯೂ ಮುರಿಯಿತು.

ಬೈಬಲಿನ ಅನನೀಯನ ಕಥೆ ನನಗೆ ಅರ್ಥವಾದದ್ದು ಆಮೇಲೆ. ಆದಿಸಭೆಯ ಈತ ಹೊಲ ಮಾರಿ, ಹಣದಲ್ಲಿ ಒಂದಿಷ್ಟು ಗುಟ್ಟಾಗಿ ಇಟ್ಟುಕೊಂಡು, ಉಳಿದದ್ದನ್ನು ತಂದುಕೊಟ್ಟ. ಹೊಲ ನಿನ್ನದೇ ಆಗಿತ್ತು, ಮಾರಿದ ಹಣವೂ ನಿನ್ನ ಕೈಯಲ್ಲೇ ಇತ್ತಲ್ಲ ಎಂದು ಯೇಸುವಿನ ಶಿಷ್ಯ ಪೇತ್ರ ಕೇಳುತ್ತಾನೆ. ಇಟ್ಟುಕೊಂಡದ್ದಲ್ಲ, ಬಚ್ಚಿಟ್ಟದ್ದು ತಪ್ಪು. ಮುಂದಿನ ಅಧ್ಯಾಯದಲ್ಲೇ ಗ್ರೀಕ್ ಮಾತಾಡುವವರು ತಮ್ಮ ವಿಧವೆಯರಿಗೆ ದಿನದ ಹಂಚಿಕೆಯಲ್ಲಿ ಅನ್ಯಾಯವಾಗುತ್ತಿದೆ ಎಂದು ಗೊಣಗುತ್ತಾರೆ. ಸಭೆಯ ಮುಖ್ಯಸ್ಥರಾದ ಅಪೊಸ್ತಲರು ಅವರ ಬಾಯಿ ಮುಚ್ಚಿಸಲಿಲ್ಲ; ಎಲ್ಲರನ್ನೂ ಕರೆದು, ಹಂಚಿಕೆ ನೋಡಿಕೊಳ್ಳಲು ಏಳು ಮಂದಿಯನ್ನು ಆರಿಸಲು ಹೇಳಿದರು. ಬ್ರೂಡರ್‌ಹೋಫ್‌ನವರೂ 1925ರಲ್ಲೇ ಒಂದು ನಿಯಮ ಬರೆದುಕೊಂಡರು: ಯಾರ ಬಗ್ಗೆಯೂ ಬೆನ್ನ ಹಿಂದೆ ಆಡಬಾರದು, ಇದ್ದದ್ದನ್ನು ಅವರಿಗೇ ನೇರವಾಗಿ ಹೇಳಬೇಕು. ಆ ನಿಯಮವಿಲ್ಲದ ಮನೆಯಲ್ಲಿ ಇದ್ದು ಬಂದವಳು ನಾನು.

ಆದ್ದರಿಂದ ಮಗಳನ್ನು ಹೀಗೆ ಕೇಳಿ: ಅಲ್ಲಿ ಯಾರ ಮೇಲಾದರೂ ನಿನಗೆ ಸಿಟ್ಟು ಬಂದಿದೆಯೇ? ಬಂದಾಗ ಏನು ಮಾಡಿದೆ? ಹಿರಿಯರ ತಪ್ಪನ್ನು ಅವರ ಎದುರಿಗೇ ಹೇಳಿದ ಕಿರಿಯರನ್ನು ಕಂಡಿದ್ದೀಯಾ? ರಜೆಯ ದಿನಗಳಲ್ಲಿ ಇದು ಕಾಣುವುದಿಲ್ಲ. ಅಲ್ಲಿ ವ್ರತಕ್ಕೆ ಮುಂಚೆ, ಇದ್ದು ನೋಡಿ ತೀರ್ಮಾನಿಸುವ ಉಮೇದುವಾರಿಕೆಯ ಕಾಲವಿದೆ. ಅದನ್ನು ಅವಸರದಲ್ಲಿ ಮುಗಿಸದಿರಲಿ. ಸಾಧ್ಯವಾದರೆ ನೀವೂ ಹೋಗಿ ನಾಲ್ಕು ದಿನ ಅವರ ಜೊತೆ ಕುಳಿತು ಉಣ್ಣಿ.

ಇನ್ನೊಂದು ಮಾತು. ನಿಮ್ಮ ಔಷಧಿಗೋ ಮನೆಖರ್ಚಿಗೋ ಅವಳ ಹಣ ಬೇಕಾಗಿದ್ದರೆ, ಅದನ್ನು ಧರ್ಮದ ಭಯದ ಹಿಂದೆ ಮುಚ್ಚಿಡಬೇಡಿ. ತಿಂಗಳಿಗೆ ಇಷ್ಟು ಬೇಕು ಎಂದು ಈ ವಾರವೇ ಫೋನಿನಲ್ಲಿ ಹೇಳಿಬಿಡಿ. ನನ್ನ ಗೆಳತಿಯ ತಾಯಿಗೆ ಆ ಮೂವತ್ತು ರೂಪಾಯಿ ಅಕ್ಕಿಗೆ ಬೇಕಿತ್ತಂತೆ. ಕೇಳಿದ್ದರೆ ಡಬ್ಬಿಯಿಂದಲೇ ಕೊಡುತ್ತಿದ್ದೆವು.